ಬೇಡವೆಂದದ್ದು ಯಾವ ಕರ್ನಲ್? ವರ್ಚುವಲ್ ಮಶೀನಿನಲ್ಲಿ ಮಾಡ್ಯೂಲ್ ಲೋಡ್ ಆಗದಿದ್ದಾಗ

“ಲೋಡ್ ಆಗವಲ್ದ್ರಿ ಸರ್.”

ಆಪರೇಟಿಂಗ್ ಸಿಸ್ಟಮ್ ಪ್ರಾಕ್ಟಿಕಲ್ ಇರುವ ದಿನ ಕಲಬುರಗಿಯ ಕಂಪ್ಯೂಟರ್ ಲ್ಯಾಬಿನಲ್ಲಿ ಈ ಮಾತು ಮೂರು ಮೇಜಿನಿಂದ ಬಂದರೆ, ಮೂರೂ ಕಡೆ ಕಾರಣ ಬೇರೆಬೇರೆ ಇರಬಹುದು. ಮೊದಲ ಮೇಜಿನಲ್ಲಿ ವಿಂಡೋಸ್ ಪಿಸಿ, ಅದರೊಳಗೆ ವರ್ಚುವಲ್ ಮಶೀನ್ ಓಡಿಸುವ ವರ್ಚುವಲ್‌ಬಾಕ್ಸ್, ಅದರೊಳಗೆ ಉಬುಂಟು. ಹತ್ತು ಸಾಲಿನ ‘ಹಲೊ’ ಮಾಡ್ಯೂಲ್ (ಕರ್ನಲ್‌ಗೆ, ಅಂದರೆ ಆಪರೇಟಿಂಗ್ ಸಿಸ್ಟಮಿನ ತಿರುಳಿಗೆ, ಸೇರಿಸುವ ಕೋಡಿನ ತುಣುಕು) ಕಂಪೈಲ್ ಆಗಿದೆ, ಆದರೆ ಅದನ್ನು ಲೋಡ್ ಮಾಡುವ ಕಮಾಂಡ್ ಇನ್ಸ್‌ಮಾಡ್ ಕೊಟ್ಟರೆ ‘ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್’ ಎನ್ನುತ್ತದೆ. ಎರಡನೆಯದರಲ್ಲಿ ಶೇರ್ಡ್ ಫೋಲ್ಡರ್ ಮೌಂಟ್ ಆಗುತ್ತಿಲ್ಲ. ಮೂರನೆಯದು ಯಾರದೋ ಸ್ವಂತ ಲ್ಯಾಪ್‌ಟಾಪ್. ಅದರಲ್ಲಿ ಉಬುಂಟುವೇ ಹೋಸ್ಟ್ (ಹೊರಗಿನ ನಿಜವಾದ ಯಂತ್ರದ ಸಿಸ್ಟಮ್), ವರ್ಚುವಲ್‌ಬಾಕ್ಸ್ ಸ್ಟಾರ್ಟ್ ಒತ್ತಿದರೆ ‘ಕರ್ನಲ್ ಡ್ರೈವರ್ ನಾಟ್ ಇನ್‌ಸ್ಟಾಲ್ಡ್’ ಎಂದು -1908 ಎಂಬ ನಂಬರ್ ತೋರಿಸುತ್ತದೆ.

ಮೊದಲ ಎರಡರಲ್ಲಿ ತಕರಾರು ಎತ್ತಿದ್ದು ಗೆಸ್ಟಿನ (ಒಳಗಿನ ವರ್ಚುವಲ್ ಮಶೀನಿನ) ಕರ್ನಲ್, ಮೂರನೆಯದರಲ್ಲಿ ಹೋಸ್ಟಿನದು. ವರ್ಚುವಲ್ ವ್ಯವಸ್ಥೆಯಲ್ಲಿ ಯಾವಾಗಲೂ ಕಡಿಮೆಯೆಂದರೆ ಎರಡು ಕರ್ನಲ್ ಓಡುತ್ತಿರುತ್ತವೆ. ಯಾವುದು ಬೇಡವೆಂದಿತು ಅಂತ ಗೊತ್ತಾಗುವ ಮುಂಚೆಯೇ ಗೂಗಲ್ ಹುಡುಕಿ ಸಿಕ್ಕ ಕಮಾಂಡ್ ಹೊಡೆದರೆ ಒಂದು ತೊಂದರೆ ಎರಡಾಗುತ್ತದೆ. (ಇಲ್ಲಿ ಕಮಾಂಡುಗಳನ್ನು ಉಚ್ಚಾರದಂತೆ ಬರೆದಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲೇ ಟೈಪ್ ಮಾಡಬೇಕು. ‘ಮಾಡ್‌ಇನ್ಫೊ -ಎಫ್’ನ ಎಫ್ ಮತ್ತು ‘ಮೋಕ್.ಡಿಇಆರ್’ನ ಮೋಕ್ ಮಾತ್ರ ದೊಡ್ಡಕ್ಷರ.)

ಮೊದಲು ಹೊಡೆಯಬೇಕಾದ ಕಮಾಂಡ್ ‘ಸಿಸ್ಟಮ್‌ಡಿ-ಡಿಟೆಕ್ಟ್-ವರ್ಟ್’. ‘ಓರಾಕಲ್’ ಬಂದರೆ ವರ್ಚುವಲ್‌ಬಾಕ್ಸ್ ಗೆಸ್ಟ್‌ನೊಳಗೆ ಇದ್ದೀರಿ. ‘ಕೆವಿಎಂ’, ‘ವಿಎಂವೇರ್’ ಎಂದರೆ ಹೆಸರೇ ಹೇಳುತ್ತದೆ. ‘ಮೈಕ್ರೋಸಾಫ್ಟ್’ ಎಂದರೆ ಹೈಪರ್-ವಿ. ಇವೆಲ್ಲ ವರ್ಚುವಲ್ ಮಶೀನ್ ಓಡಿಸುವ ವ್ಯವಸ್ಥೆಗಳೇ. ‘ನನ್’ ಬಂದರೆ ನಿಜವಾದ ಹಾರ್ಡ್‌ವೇರ್ ಮೇಲೆ, ಅಂದರೆ ಹೋಸ್ಟ್‌ನಲ್ಲಿ ಇದ್ದೀರಿ. ‘ಡಾಕರ್’, ‘ಎಲ್‌ಎಕ್ಸ್‌ಸಿ’ ಅಥವಾ ‘ಓಪನ್‌ವಿಜಡ್’ ಬಂದರೆ ಅಲ್ಲಿಗೇ ನಿಲ್ಲಿ. ಕಂಟೇನರ್‌ಗೆ ಸ್ವಂತ ಕರ್ನಲ್ ಇರುವುದಿಲ್ಲ, ಹೋಸ್ಟಿನದನ್ನೇ ಹಂಚಿಕೊಂಡಿರುತ್ತದೆ. ಒಳಗಿಂದ ಮಾಡ್‌ಪ್ರೋಬ್ (ಇದೂ ಮಾಡ್ಯೂಲ್ ಲೋಡ್ ಮಾಡುವ ಕಮಾಂಡೇ) ಎಷ್ಟು ಸಲ ಹೊಡೆದರೂ ಫಲವಿಲ್ಲ, ಹೆಡರ್ (ಮಾಡ್ಯೂಲ್ ಕಟ್ಟಲು ಬೇಕಾದ ಕರ್ನಲ್ ಫೈಲುಗಳು) ಹಾಕಿದರೂ ಇಲ್ಲ. ಮಾಡ್ಯೂಲನ್ನು ಹೋಸ್ಟಿನಲ್ಲಿ ಲೋಡ್ ಮಾಡಬೇಕು. ಕಡಿಮೆ ಬಾಡಿಗೆಯ ವಿಪಿಎಸ್ (ನೆಟ್‌ನಲ್ಲಿ ಬಾಡಿಗೆಗೆ ಸಿಗುವ ವರ್ಚುವಲ್ ಸರ್ವರ್) ಕಂಟೇನರ್ ಮಾದರಿಯದಾಗಿದ್ದರೆ ಬಾಡಿಗೆ ಕೊಟ್ಟವರನ್ನೇ ಕೇಳಬೇಕು.

ಎರಡನೆಯದು ಕರ್ನಲ್ ಲಾಗ್. ಟರ್ಮಿನಲ್‌ನಲ್ಲಿ ಕಾಣುವ ಸಾಲು ಕರ್ನಲ್ ಕೊಟ್ಟ ಒಂದು ಎರರ್ ನಂಬರಿನ ಅನುವಾದ ಮಾತ್ರ, ಅದರಲ್ಲಿ ಕಾರಣ ಇರುವುದಿಲ್ಲ. ಅದೂ ಒಂದೇ ಅನುವಾದವಲ್ಲ: ಒಂದೇ ನಂಬರಿಗೆ ಇನ್ಸ್‌ಮಾಡ್ ‘ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್’ ಎಂದರೆ ಮಾಡ್‌ಪ್ರೋಬ್ ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಎನ್ನುತ್ತದೆ. ಇಬ್ಬರು ಎರಡು ಬೇರೆ ಎರರ್ ಬಂದಿದೆ ಅಂತ ವಾದ ಮಾಡುತ್ತ ಕೂತಿರುತ್ತಾರೆ, ರೋಗ ಒಂದೇ. ಎರಡು ಟರ್ಮಿನಲ್ ತೆರೆಯಿರಿ. ಒಂದರಲ್ಲಿ ‘ಸುಡೊ ಡಿಮೆಸ್ಗ್ -ಡಬ್ಲ್ಯು’ ಓಡುತ್ತಿರಲಿ, ಇನ್ನೊಂದರಲ್ಲಿ ಮಾಡ್ಯೂಲ್ ಲೋಡ್ ಮಾಡಿ. ಆ ಕ್ಷಣಕ್ಕೆ ಮೊದಲ ಟರ್ಮಿನಲ್‌ನಲ್ಲಿ ಬೀಳುವ ಸಾಲೇ ನಿಜವಾದ ಉತ್ತರ. ಮಶೀನ್ ಹ್ಯಾಂಗ್ ಆಗಿ ರೀಬೂಟ್ ಆಗಿದ್ದರೆ ‘ಜರ್ನಲ್‌ಸಿಟಿಎಲ್ -ಕೆ -ಬಿ -1’ ಕೊಟ್ಟು ಹಿಂದಿನ ಬೂಟಿನ ಲಾಗ್ ಓದಬಹುದು.

ಈಗ ಮೊದಲ ಮೇಜಿಗೆ ಬರೋಣ. ಉಬುಂಟುವಿನಲ್ಲಿ ಇಂಥ ಹೊತ್ತಿಗೆ ಲಾಗ್‌ನಲ್ಲಿ ಸಾಮಾನ್ಯವಾಗಿ ಕಾಣುವುದು ‘ಹಲೊ: ಡಿಸಗ್ರೀಸ್ ಅಬೌಟ್ ವರ್ಷನ್ ಆಫ್ ಸಿಂಬಲ್ ಮಾಡ್ಯೂಲ್_ಲೇಔಟ್’. ಮಾಡ್ಯೂಲನ್ನು ಕಟ್ಟಿದ್ದು ಒಂದು ಕರ್ನಲ್‌ನ ಹೆಡರ್ ಇಟ್ಟುಕೊಂಡು, ಈಗ ಓಡುತ್ತಿರುವುದು ಇನ್ನೊಂದು ಕರ್ನಲ್ ಎಂದು ಇದರರ್ಥ. ಖಾತ್ರಿ ಮಾಡಿಕೊಳ್ಳಲು ‘ಮಾಡ್‌ಇನ್ಫೊ -ಎಫ್ ವರ್ಮ್ಯಾಜಿಕ್ ಹಲೊ.ಕೆಒ’ ಮತ್ತು ‘ಯುನೇಮ್ -ಆರ್’ ಎರಡನ್ನೂ ಹೊಡೆದು ಒಂದರ ಕೆಳಗೊಂದು ಇಡಿ:

6.8.0-40-ಜೆನೆರಿಕ್ ಎಸ್‌ಎಂಪಿ ಪ್ರೀಎಂಪ್ಟ್ ಮಾಡ್_ಅನ್‌ಲೋಡ್ ಮಾಡ್‌ವರ್ಷನ್ಸ್
5.15.0-25-ಜೆನೆರಿಕ್

ಮೊದಲ ಸಾಲು ಮಾಡ್ಯೂಲಿನದು, ಎರಡನೆಯದು ಓಡುತ್ತಿರುವ ಕರ್ನಲ್‌ನದು. ಮೊದಲ ಸಾಲಿನ ಕೊನೆಯಲ್ಲಿರುವ ‘ಮಾಡ್‌ವರ್ಷನ್ಸ್’ ಪದಕ್ಕೆ ಕೆಲಸವಿದೆ. ಅದಿದ್ದರೆ ಕರ್ನಲ್ ಬರೀ ಹೆಸರು ನೋಡಿ ಬಿಡುವುದಿಲ್ಲ. ಮಾಡ್ಯೂಲ್ ಬಳಸುವ ಒಂದೊಂದು ಸಿಂಬಲ್‌ಗೂ (ಕರ್ನಲ್‌ನ ಫಂಕ್ಷನ್ ಮುಂತಾದವುಗಳ ಹೆಸರಿಗೂ) ಒಂದು ಚೆಕ್‌ಸಮ್ ಬರೆದಿರುತ್ತದೆ, ಅದು ತಾಳೆಯಾಗಬೇಕು. ತಾಳೆಯಾದರೆ -91, -94ರಂಥ ಬಿಲ್ಡ್ ನಂಬರಿನ ಸಣ್ಣ ವ್ಯತ್ಯಾಸವನ್ನು ಸಹಿಸಿಕೊಳ್ಳುತ್ತದೆ. ಆಗದಿದ್ದರೆ ‘ಡಿಸಗ್ರೀಸ್’ ಎನ್ನುತ್ತದೆ. ಮಾಡ್‌ವರ್ಷನ್ಸ್ ಇಲ್ಲದ ಕರ್ನಲ್ ಮಾತ್ರ ಇಡೀ ಸಾಲನ್ನು ಅಕ್ಷರಕ್ಕಕ್ಷರ ಹೋಲಿಸಿ, ‘ವರ್ಷನ್ ಮ್ಯಾಜಿಕ್ ಇಂಥದ್ದು, ಶುಡ್ ಬಿ ಇಂಥದ್ದು’ ಎಂದು ಎರಡನ್ನೂ ಮುಂದಿಡುತ್ತದೆ. ಅಲ್ಲಿ ಮೊದಲು ಬರುವುದು ಮಾಡ್ಯೂಲಿನದು, ‘ಶುಡ್ ಬಿ’ ನಂತರದ್ದು ಕರ್ನಲ್‌ನದು. ಇದನ್ನು ತಿರುವುಮುರುವು ಓದುವವರೇ ಹೆಚ್ಚು.

ಬೀದರಿನ ಬಿದ್ರಿ ಕೆಲಸ ನೋಡಿದವರಿಗೆ ಇದು ಬೇಗ ಹಿಡಿಯುತ್ತದೆ. ಸತುವಿನ ಪಾತ್ರೆಯ ಮೇಲೆ ಉಳಿಯಿಂದ ಕೊರೆದ ಗೆರೆಗೆ ತಕ್ಕಂತೆ ಬೆಳ್ಳಿಯನ್ನು ಕತ್ತರಿಸಿ ಬಡಿದು ಕೂಡಿಸುತ್ತಾರೆ. ಬೇರೆ ಹೂದಾನಿಯ ಗೆರೆಗೆ ಕತ್ತರಿಸಿದ ಬೆಳ್ಳಿ ಇಲ್ಲಿ ಕೂಡುವುದಿಲ್ಲ, ಬಲವಂತದಿಂದ ಬಡಿದರೆ ಗೆರೆಯೂ ಕೆಡುತ್ತದೆ. ‘ಮಾಡ್‌ಪ್ರೋಬ್ --ಫೋರ್ಸ್’ ಮಾಡುವುದು ಆ ಬಲವಂತವನ್ನೇ. ಸ್ಟ್ರಕ್ಚರಿನೊಳಗೆ ಒಂದು ಫೀಲ್ಡ್ 8 ಬೈಟ್ ಆಚೀಚೆ ಸರಿದಿದ್ದರೂ ಮಾಡ್ಯೂಲ್ ತಪ್ಪು ಜಾಗದಲ್ಲಿ ಬರೆಯುತ್ತದೆ. ಅಲ್ಲಿಂದ ಮುಂದೆ ಗೆಸ್ಟ್ ಯಾವಾಗ ಬೀಳುತ್ತದೋ ಹೇಳುವುದು ಕಷ್ಟ.

ಹಾಗಾದರೆ ಎರಡು ಕರ್ನಲ್ ಹೇಗೆ ಬಂದವು? ವರ್ಚುವಲ್ ಮಶೀನಿನಲ್ಲಿ ಇದಕ್ಕೆ ದಾರಿ ಹಲವು, ಅವೂ ನಿಜವಾದ ಪಿಸಿಯಲ್ಲಿ ಅಷ್ಟಾಗಿ ಇಲ್ಲದವು. ತೀರಾ ಸಾಮಾನ್ಯವಾದದ್ದು ವಿಂಡೋ ಮುಚ್ಚುವಾಗ ‘ಸೇವ್ ದ ಮಶೀನ್ ಸ್ಟೇಟ್’ ಆರಿಸುವ ಅಭ್ಯಾಸ. ಅದು ಶಟ್‌ಡೌನ್ ಅಲ್ಲ, ಮೆಮರಿಯನ್ನು ಹಾಗೆಯೇ ಡಿಸ್ಕಿಗೆ ಬರೆದಿಟ್ಟು ಮರುದಿನ ಅದೇ ಕರ್ನಲನ್ನು ಎಬ್ಬಿಸುವುದು. ನಡುವೆ ಅಪ್‌ಡೇಟ್ ಬಂದು ಹೊಸ ಕರ್ನಲ್, ಹೊಸ ಹೆಡರ್ ಕೂತಿರುತ್ತವೆ, ಓಡುತ್ತಿರುವುದು ಮಾತ್ರ ಹಳೆಯದು. ‘ಹೂ -ಬಿ’ ಹೊಡೆದರೆ ಕೊನೆಯ ಬೂಟಿನ ತಾರೀಖು ಬರುತ್ತದೆ. ಮೂರು ವಾರದ ಹಿಂದಿನ ತಾರೀಖು ಬಂದರೆ ಮದ್ದು ಒಂದೇ, ಗೆಸ್ಟನ್ನು ಸರಿಯಾಗಿ ರೀಬೂಟ್ ಮಾಡುವುದು.

ಇನ್ನೊಂದು ದಾರಿ ಸ್ನ್ಯಾಪ್‌ಶಾಟ್, ಅಂದರೆ ಮಶೀನಿನ ಆ ಹೊತ್ತಿನ ಸ್ಥಿತಿಯ ನಕಲು. ಉಬುಂಟು 22.04 ಹಾಕಿದ ದಿನ ತೆಗೆದ ಸ್ನ್ಯಾಪ್‌ಶಾಟಿನಲ್ಲಿ 5.15 ಕರ್ನಲ್ ಇರಬಹುದು, ಅಪ್‌ಡೇಟ್ ಆಗುತ್ತಾ ಅದೇ ಡೆಸ್ಕ್‌ಟಾಪ್ 6.8ಕ್ಕೆ ಬಂದಿರುತ್ತದೆ. ಮಾಡ್ಯೂಲಿನ ಫೋಲ್ಡರ್ ಹೋಸ್ಟಿನ ಶೇರ್ಡ್ ಫೋಲ್ಡರಿನಲ್ಲಿದ್ದರೆ, ಸ್ನ್ಯಾಪ್‌ಶಾಟಿಗೆ ಹಿಂದಿರುಗಿದಾಗ ಕರ್ನಲ್ ಹಿಂದೆ ಹೋಗುತ್ತದೆ, ಕೆಒ ಫೈಲ್ (ಕಟ್ಟಿ ಮುಗಿದ ಮಾಡ್ಯೂಲ್) ಹೋಗುವುದಿಲ್ಲ. ಮೇಲೆ ತೋರಿಸಿದ ಎರಡು ಸಾಲು ಇಂಥದ್ದೇ. ಇದರ ಜೊತೆಗೆ ಗೆಸ್ಟಿನ ಗಡಿಯಾರ ಹಿಂದೆ ಬಿದ್ದಿದ್ದರೆ, ‘ಮೇಕ್’ ಹಳೆಯ ಆಬ್ಜೆಕ್ಟ್ ಫೈಲನ್ನೇ ಹೊಸದೆಂದು ತಿಳಿದು ಮತ್ತೆ ಕಟ್ಟುವುದೇ ಇಲ್ಲ. ‘ಕ್ಲಾಕ್ ಸ್ಕ್ಯೂ ಡಿಟೆಕ್ಟೆಡ್’ ಎಂಬ ಎಚ್ಚರಿಕೆ ಬಂದರೆ ಕಡೆಗಣಿಸಬೇಡಿ. ‘ಮೇಕ್ ಕ್ಲೀನ್’ ಮಾಡಿಯೇ ಮತ್ತೆ ‘ಮೇಕ್’ ಕೊಡಿ. ಮೂರನೆಯದು ಹಿಂದಿನ ಬ್ಯಾಚಿನ ರೆಕಾರ್ಡ್ ಬುಕ್ಕಿನಿಂದ ಇಳಿಸಿಕೊಂಡ ಮೇಕ್‌ಫೈಲ್. ಅದರಲ್ಲಿ ಕರ್ನಲ್ ವರ್ಷನ್ ನೇರವಾಗಿ ಬರೆದಿದ್ದರೆ ಅಳಿಸಿ, ಆ ಜಾಗದಲ್ಲಿ ಯುನೇಮ್ ಕೇಳುವ ಸಾಲು ಹಾಕಿ. ಫೋಲ್ಡರ್ ಹೆಸರಿನಲ್ಲಿ ಸ್ಪೇಸ್ ಇದ್ದರೂ ಕರ್ನಲ್ ಬಿಲ್ಡ್ ಮುಗ್ಗರಿಸುತ್ತದೆ. ‘ಓಎಸ್ ಲ್ಯಾಬ್’ ಅಂತ ಬಿಡಿಸಿ ಹೆಸರಿಟ್ಟಿದ್ದರೆ ಕೂಡಿಸಿ ಬರೆಯಿರಿ.

ಹೆಡರ್ ಇದೆಯೋ ಇಲ್ಲವೋ ನೋಡಲು ‘/ಲಿಬ್/ಮಾಡ್ಯೂಲ್ಸ್’ ಒಳಗೆ ಈಗಿನ ಕರ್ನಲ್ ಹೆಸರಿನ ಫೋಲ್ಡರ್ ತೆರೆದು ‘ಬಿಲ್ಡ್’ ಎಂಬ ಲಿಂಕ್ ಎಲ್ಲಿಗೆ ಹೋಗುತ್ತದೆ ಪರೀಕ್ಷಿಸಿ. ಲಿಂಕ್ ಮುರಿದಿದ್ದರೆ ಹೆಡರ್ ಇಲ್ಲ. ‘ಲಿನಕ್ಸ್-ಹೆಡರ್ಸ್-’ ಮುಂದೆ ಯುನೇಮ್ ಕೊಟ್ಟ ಪೂರ್ತಿ ಹೆಸರು ಸೇರಿಸಿ ಎಪಿಟಿಯಿಂದ (ಉಬುಂಟುವಿನ ಪ್ಯಾಕೇಜ್ ಹಾಕುವ ಕಮಾಂಡ್) ಹಾಕಿ. ಯಾದಗಿರಿಯ ಯಾವುದೋ ಲ್ಯಾಬಿನಲ್ಲಿ ನೆಟ್ ಇಲ್ಲದೆ ಪೆನ್‌ಡ್ರೈವಿನಲ್ಲಿ ಒಯ್ಯುವುದಾದರೆ ಒಂದು ಪ್ಯಾಕೇಜ್ ಸಾಲದು. ‘-ಜೆನೆರಿಕ್’ ಎಂದು ಮುಗಿಯುವುದರ ಜೊತೆಗೆ ಅದೇ ನಂಬರಿನ, ‘-ಜೆನೆರಿಕ್’ ಇಲ್ಲದ ಸಾಮಾನ್ಯ ಹೆಡರ್ ಪ್ಯಾಕೇಜೂ ಬೇಕು. ಒಂದನ್ನೇ ಒಯ್ದು ಮತ್ತೆ ಬಸ್ ಹತ್ತಬೇಕಾದೀತು.

ಬೇಸಿಗೆಯ ಕಡೆಗೂ ಒಂದು ಮಾತು. ಏಪ್ರಿಲ್, ಮೇನಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು, ಅಪ್‌ಡೇಟ್ ನಡುವೆ ಹೋಸ್ಟ್ ಆಫ್ ಆದರೆ ಗೆಸ್ಟಿನ ಡಿಸ್ಕಿನಲ್ಲಿ ಅರ್ಧ ಕೆಲಸ ಉಳಿಯುತ್ತದೆ. ಇದರ ಗುರುತುಗಳು: ಗಾತ್ರ ಸೊನ್ನೆ ಇರುವ ಕೆಒ ಫೈಲ್, ಖಾಲಿಯಾದ ‘ಮಾಡ್ಯೂಲ್ಸ್.ಡೆಪ್’, ಮುಂದೆ ಸಾಗದ ಎಪಿಟಿ. ಮೊದಲು ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’, ನಂತರ ‘ಸುಡೊ ಡೆಪ್‌ಮಾಡ್ -ಎ’. ಆಮೇಲೆ ‘ಡಿಕೆಎಂಎಸ್ ಸ್ಟೇಟಸ್’ ನೋಡಿ. (ಕರ್ನಲ್ ಬದಲಾದಾಗ ಹೊರಗಿನ ಮಾಡ್ಯೂಲನ್ನು ತಾನೇ ಮತ್ತೆ ಕಟ್ಟುವ ವ್ಯವಸ್ಥೆ ಡಿಕೆಎಂಎಸ್.) ಅಲ್ಲಿ ‘ಆಡೆಡ್’ ಎಂದರೆ ಸೋರ್ಸ್ ಮಾತ್ರ ಬಂದಿದೆ, ‘ಬಿಲ್ಟ್’ ಎಂದರೆ ಕಂಪೈಲ್ ಆಗಿದೆ, ‘ಇನ್‌ಸ್ಟಾಲ್ಡ್’ ಎಂದಾಗ ಮಾತ್ರ ಮಾಡ್ಯೂಲ್ ತನ್ನ ಜಾಗದಲ್ಲಿ ಕೂತಿದೆ. ‘ಆಡೆಡ್’ನಲ್ಲೇ ನಿಂತಿದ್ದರೆ ‘/ವಾರ್/ಲಿಬ್/ಡಿಕೆಎಂಎಸ್’ ಒಳಗೆ ಆ ಮಾಡ್ಯೂಲಿನ ‘ಮೇಕ್.ಲಾಗ್’ ತೆರೆಯಿರಿ. ಎಲ್ಲರೂ ಕೊನೆಯ ಸಾಲು ಓದುತ್ತಾರೆ, ಅಲ್ಲಿ ‘ಎರರ್ 2’ ಬಿಟ್ಟು ಏನೂ ಇರುವುದಿಲ್ಲ. ಮೇಲಿಂದ ಮೊದಲು ಸಿಗುವ ಎರರ್ ನೋಡಿ. ಫಂಕ್ಷನ್ ಹೆಸರೋ ಆರ್ಗ್ಯುಮೆಂಟೋ ಸರಿಯಿಲ್ಲ ಎಂದಿದ್ದರೆ, ಡ್ರೈವರಿನ ಸೋರ್ಸ್ ಹಳೆಯದು, ಕರ್ನಲ್ ಹೊಸದು. ಆ ಪ್ಯಾಕೇಜಿನ ಹೊಸ ವರ್ಷನ್ ಹಾಕುವುದೇ ಸರಿ, ಸೋರ್ಸ್ ತಿದ್ದಲು ಹೋಗಬೇಡಿ. ‘/ಬೂಟ್’ ಬೇರೆ ಪಾರ್ಟಿಷನ್ ಆಗಿದ್ದು ತುಂಬಿದ್ದರೆ ಇನಿಟ್‌ರಾಮ್‌ಎಫ್‌ಎಸ್ (ಬೂಟಿನ ಆರಂಭಕ್ಕೆ ಬೇಕಾದ ಫೈಲುಗಳ ಕಟ್ಟು) ಅರ್ಧಕ್ಕೇ ನಿಂತಿರುತ್ತದೆ. ‘ಡಿಎಫ್ -ಎಚ್ /ಬೂಟ್’ ನೋಡಲು ಅರ್ಧ ನಿಮಿಷ ಸಾಕು.

ಎರಡನೇ ಮೇಜಿನ ಶೇರ್ಡ್ ಫೋಲ್ಡರಿಗೆ ಬೇಕಾದ ಮಾಡ್ಯೂಲ್ ‘ವಿಬಾಕ್ಸ್‌ಎಸ್‌ಎಫ್’, ಅದು ‘ವಿಬಾಕ್ಸ್‌ಗೆಸ್ಟ್’ ಮೇಲೆ ನಿಂತಿದೆ. ಇನ್ಸ್‌ಮಾಡ್ ಅವಲಂಬನೆ ನೋಡುವುದಿಲ್ಲ, ಕೈಗೆ ಕೊಟ್ಟ ಫೈಲನ್ನು ಮಾತ್ರ ಒಯ್ದು ಕರ್ನಲ್ ಮುಂದಿಡುತ್ತದೆ. ಹೀಗಾಗಿ ‘ಅನ್‌ನೋನ್ ಸಿಂಬಲ್’ ಬರುತ್ತದೆ, ಲಾಗ್‌ನಲ್ಲಿ ಆ ಸಿಂಬಲ್‌ನ ಹೆಸರೂ ‘ಎರರ್ -2’ ಎಂಬುದೂ ಕಾಣುತ್ತವೆ, ಅಂದರೆ ಆ ಹೆಸರಿನದು ಕರ್ನಲ್‌ನಲ್ಲಿ ಎಲ್ಲೂ ಇಲ್ಲ. ಮಾಡ್‌ಪ್ರೋಬ್ ಬಳಸಿದರೆ ಅವಲಂಬನೆಯನ್ನು ತಾನೇ ಮೊದಲು ಎಳೆದು ತರುತ್ತದೆ. ಇಲ್ಲಿ ಇನ್ನೊಂದು ಗೋಜಲಿದೆ. ವಿಬಾಕ್ಸ್‌ಗೆಸ್ಟ್ 4.16ರಿಂದ, ವಿಬಾಕ್ಸ್‌ಎಸ್‌ಎಫ್ 5.6ರಿಂದ ಲಿನಕ್ಸ್ ಕರ್ನಲ್‌ನ ಭಾಗವೇ ಆಗಿವೆ. ಅದರ ಮೇಲೆ ಗೆಸ್ಟ್ ಅಡಿಷನ್ಸ್ (ಗೆಸ್ಟಿಗೆಂದು ವರ್ಚುವಲ್‌ಬಾಕ್ಸ್ ಕೊಡುವ ಡ್ರೈವರುಗಳ ಕಟ್ಟು) ಸಿಡಿಯಿಂದಲೂ ಹಾಕಿದರೆ ಒಂದೇ ಹೆಸರಿನ ಎರಡು ಮಾಡ್ಯೂಲ್ ಡಿಸ್ಕಿನಲ್ಲಿ ಕೂರುತ್ತವೆ. ‘ಮಾಡ್‌ಇನ್ಫೊ -ಎನ್ ವಿಬಾಕ್ಸ್‌ಎಸ್‌ಎಫ್’ ಕೊಟ್ಟರೆ ಯಾವ ಫೈಲ್ ಆಯ್ಕೆಯಾಗುತ್ತದೆ ತಿಳಿಯುತ್ತದೆ: ‘ಕರ್ನಲ್/ಎಫ್‌ಎಸ್’ ಅಡಿಯಲ್ಲಿದ್ದರೆ ಕರ್ನಲ್‌ನದು, ‘ಮಿಸ್ಕ್’ ಅಡಿಯಲ್ಲಿದ್ದರೆ ಸಿಡಿಯದು. ಸಿಡಿಯದು ಬೇಕಿದ್ದರೆ ಜಿಸಿಸಿ, ಮೇಕ್, ಪರ್ಲ್, ಹೆಡರ್ ಇಷ್ಟೂ ಇರಲಿ. ನಂತರ ‘ಸುಡೊ /ಎಸ್‌ಬಿನ್/ಆರ್‌ಸಿವಿಬಾಕ್ಸ್‌ಆಡ್ ಸೆಟಪ್’. ಕೆಟ್ಟರೆ ಕಾರಣ ‘/ವಾರ್/ಲಾಗ್/ವಿಬಾಕ್ಸ್‌ಆಡ್-ಸೆಟಪ್.ಲಾಗ್’ನಲ್ಲಿ ಇರುತ್ತದೆ.

ಮೂರನೇ ಮೇಜಿನ ಲ್ಯಾಪ್‌ಟಾಪ್ ಹೆಚ್ಚು ತಾಳ್ಮೆ ಕೇಳುತ್ತದೆ. ಅಲ್ಲಿ ಬೇಡವೆಂದದ್ದು ಹೋಸ್ಟ್ ಕರ್ನಲ್. ವರ್ಚುವಲ್‌ಬಾಕ್ಸಿನ ಹೋಸ್ಟ್ ಡ್ರೈವರನ್ನು ಲೋಡ್ ಮಾಡಲು ‘ಮಾಡ್‌ಪ್ರೋಬ್ ವಿಬಾಕ್ಸ್‌ಡಿಆರ್‌ವಿ’ ಕೊಟ್ಟರೆ ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಅಥವಾ ‘ರಿಕ್ವೈರ್ಡ್ ಕೀ ನಾಟ್ ಅವೈಲಬಲ್’ ಬರುತ್ತದೆ. ‘ಮೋಕ್‌ಯುಟಿಲ್ --ಎಸ್‌ಬಿ-ಸ್ಟೇಟ್’ ಕೊಟ್ಟಾಗ ‘ಸೆಕ್ಯೂರ್‌ಬೂಟ್ ಎನೇಬಲ್ಡ್’ (ನಂಬಿದ ಸಹಿ ಇಲ್ಲದ ಕೋಡನ್ನು ತಡೆಯುವ ವ್ಯವಸ್ಥೆ ಚಾಲೂ ಇದೆ) ಎಂದರೆ ಕಾರಣ ಸಿಕ್ಕಿತು: ಮಾಡ್ಯೂಲಿಗೆ ಸಹಿ ಇಲ್ಲ, ಇದ್ದರೂ ಆ ಸಹಿಯ ಕೀಲಿ ಯಂತ್ರಕ್ಕೆ ಪರಿಚಯವಿಲ್ಲ. ಸಹಿಯ ಪರೀಕ್ಷೆ ವರ್ಷನ್ ಪರೀಕ್ಷೆಗಿಂತ ಮುಂಚೆ ನಡೆಯುತ್ತದೆ. ಆದ್ದರಿಂದ ಸಹಿ ಸರಿಮಾಡಿದ ಮೇಲೆ ವರ್ಷನ್ ಎರರ್ ಹೊಸದಾಗಿ ತಲೆ ಎತ್ತಿದರೆ ಗಾಬರಿಯಾಗಬೇಡಿ, ಅದು ಮೊದಲಿಂದಲೂ ಒಳಗೇ ಇತ್ತು.

ಉಬುಂಟುವಿನಲ್ಲಿ ಡಿಕೆಎಂಎಸ್ ತಾನೇ ಸಹಿ ಹಾಕುತ್ತದೆ. ಕೀಲಿ ಇರುವುದು ‘/ವಾರ್/ಲಿಬ್/ಶಿಮ್-ಸೈನ್ಡ್/ಮೋಕ್’ ಫೋಲ್ಡರಿನಲ್ಲಿ. ಆ ಕೀಲಿಯನ್ನು ಫರ್ಮ್‌ವೇರಿಗೆ ಒಪ್ಪಿಸಬೇಕು ಅಷ್ಟೆ: ‘ಸುಡೊ ಮೋಕ್‌ಯುಟಿಲ್ --ಇಂಪೋರ್ಟ್’ ಮುಂದೆ ಅಲ್ಲಿನ ‘ಮೋಕ್.ಡಿಇಆರ್’ ಫೈಲಿನ ಪೂರ್ತಿ ಹಾದಿ. ಒಂದು ಪಾಸ್‌ವರ್ಡ್ ಕೇಳುತ್ತದೆ, ಅದು ಮುಂದಿನ ಬೂಟಿನಲ್ಲಿ ಒಂದೇ ಸಲ ಬಳಸಲಿಕ್ಕೆ. ರೀಬೂಟ್ ಆದಾಗ ನೀಲಿ ಪರದೆ ಬಂದು ಯಾವುದಾದರೂ ಕೀ ಒತ್ತಲು 10 ಸೆಕೆಂಡ್ ಕೊಡುತ್ತದೆ. ಚಹಾ ಕುಡಿದು ಬರೋಣ ಅಂತ ಎದ್ದರೆ ಅದು ಕಾಯದೆ ಬೂಟ್ ಆಗಿಬಿಡುತ್ತದೆ, ಇಂಪೋರ್ಟ್ ಮತ್ತೆ ಮೊದಲಿಂದ ಮಾಡಬೇಕು. ಕೀ ಒತ್ತಿದ ಮೇಲೆ ‘ಎನ್‌ರೋಲ್ ಮೋಕ್’, ‘ಕಂಟಿನ್ಯೂ’, ‘ಯೆಸ್’, ಪಾಸ್‌ವರ್ಡ್, ರೀಬೂಟ್. ಇದೇ ಕೆಲಸ ಗೆಸ್ಟ್‌ನಲ್ಲಿ ಮಾಡಬೇಕಾಗಿ ಬಂದರೆ ಎಸ್‌ಎಸ್‌ಎಚ್ ಮೂಲಕ ಆ ನೀಲಿ ಪರದೆ ಕಾಣುವುದಿಲ್ಲ. ವರ್ಟ್-ಮ್ಯಾನೇಜರ್ ಅಥವಾ ವಿಎನ್‌ಸಿ ಕನ್ಸೋಲ್ ಮೊದಲೇ ತೆರೆದಿಟ್ಟುಕೊಂಡು ರೀಬೂಟ್ ಮಾಡಿ.

ಕೈಯಾರೆ ಕಟ್ಟಿದ ಹಲೊ.ಕೆಒಗೆ ಡಿಕೆಎಂಎಸ್ ಸಹಿ ಹಾಕುವುದಿಲ್ಲ. ‘ಕೆಮಾಡ್‌ಸೈನ್ ಎಸ್‌ಎಚ್‌ಎ512’ ಮುಂದೆ ಖಾಸಗಿ ಕೀಲಿ, ಸರ್ಟಿಫಿಕೇಟ್, ಮಾಡ್ಯೂಲ್ ಈ ಮೂರನ್ನು ಇದೇ ಅನುಕ್ರಮದಲ್ಲಿ ಕೊಡಬೇಕು. ಸಹಿ ಬಿದ್ದಿದೆಯೇ ನೋಡಲು ‘ಟೇಲ್ -ಸಿ 28 ಹಲೊ.ಕೆಒ’ ಎನ್ನಿ. ಸಹಿ ಇದ್ದರೆ ಫೈಲಿನ ಕಟ್ಟಕಡೆಯ 28 ಬೈಟಿನಲ್ಲಿ ‘~ಮಾಡ್ಯೂಲ್ ಸಿಗ್ನೇಚರ್ ಅಪೆಂಡೆಡ್~’ ಎಂಬ ಸಾಲು ಬಿಡಿಯಾಗಿ ಓದಲು ಸಿಗುತ್ತದೆ. ಸಹಿ ಬಾಲಕ್ಕೆ ಅಂಟಿಸಿದ್ದು, ಆಮೇಲೆ ‘ಸ್ಟ್ರಿಪ್’ ಓಡಿಸಿದರೆ ಬಾಲವೇ ಉದುರುತ್ತದೆ. ಲ್ಯಾಬಿನ ಗೆಸ್ಟ್ ಮಶೀನಿಗೆ ಇಷ್ಟೆಲ್ಲ ಬೇಕಿಲ್ಲ, ಅದರ ಸೆಟ್ಟಿಂಗ್‌ನಲ್ಲಿ ಸೆಕ್ಯೂರ್ ಬೂಟ್ ತೆಗೆದರೆ ಆಯಿತು. ಹೋಸ್ಟಿನದನ್ನು ತೆಗೆಯುವುದು ಬೇರೆ ಮಾತು, ಅದರಲ್ಲಿ ನಿಮ್ಮ ಬ್ಯಾಂಕಿನ ಲೆಕ್ಕವೂ ಇರುತ್ತದೆ.

ಅದೇ ಹೋಸ್ಟಿನಲ್ಲಿ ಕರ್ನಲ್ 6.12 ಅಥವಾ ಮೇಲಿನದಿದ್ದರೆ ಇನ್ನೊಂದು ಜಗಳ ಎದುರಾಗಬಹುದು. 6.12ರಿಂದ ಕೆವಿಎಂ ಮಾಡ್ಯೂಲ್ ಲೋಡ್ ಆಗುತ್ತಿದ್ದಂತೆಯೇ ಪ್ರೊಸೆಸರಿನ ವರ್ಚುವಲೈಸೇಷನ್ ಸೌಲಭ್ಯವನ್ನು ಹಿಡಿದುಕೊಳ್ಳುತ್ತದೆ, ಮೊದಲು ಕೆವಿಎಂ ಗೆಸ್ಟ್ ಶುರುವಾದಾಗ ಮಾತ್ರ ಹಿಡಿಯುತ್ತಿತ್ತು. ವಿಬಾಕ್ಸ್‌ಡಿಆರ್‌ವಿ ಸರಿಯಾಗಿ ಲೋಡ್ ಆಗಿದ್ದರೂ ಮಶೀನ್ ಶುರುವಾಗದೆ, ವಿಟಿ-ಎಕ್ಸ್ (ಇಂಟೆಲ್ ಪ್ರೊಸೆಸರಿನ ಆ ಸೌಲಭ್ಯ) ಬೇರೆಯವರ ಕೈಯಲ್ಲಿದೆ ಎಂಬ ಅರ್ಥದ ಎರರ್ ಬರುತ್ತದೆ. ‘ಸುಡೊ ಮಾಡ್‌ಪ್ರೋಬ್ -ಆರ್ ಕೆವಿಎಂ_ಇಂಟೆಲ್’ ಆ ಹೊತ್ತಿಗೆ ಸಾಕು. ಖಾಯಂ ಬೇಕಿದ್ದರೆ ಬೂಟ್ ಪ್ಯಾರಾಮೀಟರಿನಲ್ಲಿ ‘ಕೆವಿಎಂ.ಎನೇಬಲ್_ವರ್ಟ್_ಅಟ್_ಲೋಡ್=0’ ಸೇರಿಸಿ.

ಇದರ ತಿರುಗುಮುರುಗು ಗೆಸ್ಟಿನೊಳಗೆ. ಅಲ್ಲಿ ಕೆವಿಎಂ_ಇಂಟೆಲ್ ಲೋಡ್ ಮಾಡಿದರೆ ‘ಆಪರೇಷನ್ ನಾಟ್ ಸಪೋರ್ಟೆಡ್’. ಗೆಸ್ಟಿನ ‘/ಪ್ರೋಕ್/ಸಿಪಿಯುಇನ್ಫೊ’ದಲ್ಲಿ ಇಂಟೆಲ್ ಆದರೆ ‘ವಿಎಂಎಕ್ಸ್’, ಎಎಂಡಿ ಆದರೆ ‘ಎಸ್‌ವಿಎಂ’ ಹುಡುಕಿ. ಸಿಗದಿದ್ದರೆ ತಪ್ಪು ಗೆಸ್ಟಿನದಲ್ಲ, ಮೇಲಿನವರು ಆ ಸೌಲಭ್ಯ ಕೆಳಗೆ ಬಿಟ್ಟಿಲ್ಲ. ಕೆವಿಎಂ ಹೋಸ್ಟಿನಲ್ಲಿ ಗೆಸ್ಟಿನ ಸಿಪಿಯು ಮೋಡನ್ನು ‘ಹೋಸ್ಟ್-ಪಾಸ್‌ಥ್ರೂ’ ಮಾಡಿ. ವರ್ಚುವಲ್‌ಬಾಕ್ಸಿನಲ್ಲಿ ಗೆಸ್ಟನ್ನು ಪೂರ್ತಿ ಆಫ್ ಮಾಡಿ ನೆಸ್ಟೆಡ್ ವಿಟಿ-ಎಕ್ಸ್ ಟಿಕ್ ಮಾಡಿ. ವಿಂಡೋಸ್ ಹೋಸ್ಟಿನಲ್ಲಿ ವಿಂಡೋದ ಕೆಳಗಿನ ಪಟ್ಟಿಯಲ್ಲಿ ಹಸಿರು ಆಮೆಯ ಚಿತ್ರ ಕಂಡರೆ ಹೈಪರ್-ವಿ ಮುಂಚೆಯೇ ಕುಳಿತಿದೆ ಎಂದರ್ಥ, ಅಲ್ಲಿ ಈ ಟಿಕ್ ನೆಚ್ಚಿಕೊಳ್ಳಬೇಡಿ.

‘ನೋ ಸಚ್ ಡಿವೈಸ್’ ಎಂಬುದರಲ್ಲಿ ಕರ್ನಲ್ ಮಾಡ್ಯೂಲನ್ನು ದೂರುತ್ತಿಲ್ಲ, ಅದಕ್ಕೆ ತಕ್ಕ ಹಾರ್ಡ್‌ವೇರ್ ಕಾಣುತ್ತಿಲ್ಲ ಎನ್ನುತ್ತಿದೆ. ಲ್ಯಾಪ್‌ಟಾಪಿನ ವೈಫೈ ಡ್ರೈವರನ್ನು ಗೆಸ್ಟಿನೊಳಗೆ ಹಾಕಲು ಸಂಜೆಗಟ್ಟಲೆ ಕಳೆಯುವವರಿದ್ದಾರೆ. ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಹೊಡೆದರೆ ಗೆಸ್ಟಿಗೆ ಕಾಣುವುದು 8086:100ಇ ನಂಬರಿನ ಇಂಟೆಲ್ ತಂತಿ ಕಾರ್ಡೋ, 1ಎಎಫ್4ರಿಂದ ಶುರುವಾಗುವ, ವರ್ಚುವಲ್ ಮಶೀನಿಗೆಂದೇ ಮಾಡಿದ ವರ್ಟ್‌ಐಒ ಕಾರ್ಡೋ ಅಷ್ಟೇ. ವೈಫೈ ಅಲ್ಲಿ ಇಲ್ಲವೇ ಇಲ್ಲ.

‘ನಾಟ್ ಫೌಂಡ್ ಇನ್ ಡೈರೆಕ್ಟರಿ’ ಬಂದರೆ ‘/ಬೂಟ್’ ಒಳಗಿನ ಕಾನ್ಫಿಗ್ ಫೈಲಿನಲ್ಲಿ ಆ ಡ್ರೈವರಿನ ಹೆಸರು ಹುಡುಕಿ. ಮುಂದೆ ‘ವೈ’ ಇದ್ದರೆ ಅದು ಕರ್ನಲ್‌ನೊಳಗೇ ಸೇರಿದೆ, ಲೋಡ್ ಮಾಡುವ ಪ್ರಶ್ನೆಯೇ ಇಲ್ಲ, ಎಲ್‌ಎಸ್‌ಮಾಡ್‌ನಲ್ಲೂ ಕಾಣುವುದಿಲ್ಲ. ‘ಎಂ’ ಇದ್ದೂ ಫೈಲ್ ಇಲ್ಲದಿದ್ದರೆ ಪ್ಯಾಕೇಜ್ ಬಿಟ್ಟುಹೋಗಿದೆ. ಉಬುಂಟುವಿನ ವರ್ಚುವಲ್, ಕ್ಲೌಡ್ ಇಮೇಜುಗಳಲ್ಲಿ ‘ಲಿನಕ್ಸ್-ಮಾಡ್ಯೂಲ್ಸ್-ಎಕ್ಸ್‌ಟ್ರಾ’ ಸಾಮಾನ್ಯವಾಗಿ ಇರುವುದಿಲ್ಲ. ಡೆಬಿಯನ್‌ನ ಕ್ಲೌಡ್ ಕರ್ನಲ್‌ನಲ್ಲಿ ಹಲವು ಡ್ರೈವರುಗಳನ್ನು ಕಟ್ಟಿಯೇ ಇರುವುದಿಲ್ಲ, ಅಲ್ಲಿ ಸಾಮಾನ್ಯ ಕರ್ನಲ್ ಹಾಕಿಕೊಳ್ಳಬೇಕು.

ವಿಎಂವೇರ್‌ನಿಂದ ಕೆವಿಎಂಗೆ ಸಾಗಿಸಿದ ಮಶೀನ್ ಬೂಟ್ ಆಗದೆ, ಇನಿಟ್‌ರಾಮ್‌ಎಫ್‌ಎಸ್ ಹಂತದ ತುರ್ತು ಪರದೆಯಾದ ಡ್ರಾಕಟ್ ಶೆಲ್‌ನಲ್ಲಿ ನಿಂತರೆ ಡಿಸ್ಕ್ ಕೆಟ್ಟಿಲ್ಲ. ರೆಡ್‌ಹ್ಯಾಟ್ ಬಳಗದವು ಇನಿಟ್‌ರಾಮ್‌ಎಫ್‌ಎಸ್‌ಗೆ ಆ ಯಂತ್ರಕ್ಕೆ ಬೇಕಾದ ಡ್ರೈವರುಗಳನ್ನಷ್ಟೇ ತುಂಬುತ್ತವೆ, ಹೊಸ ಮನೆಯ ವರ್ಟ್‌ಐಒ ಡ್ರೈವರ್ ಅದರಲ್ಲಿ ಇರುವುದಿಲ್ಲ. ಡಿಸ್ಕನ್ನು ತಾತ್ಕಾಲಿಕವಾಗಿ ಸಾಟಾಗೆ ಬದಲಿಸಿ, ಆಗಲೂ ಎದ್ದೇಳದಿದ್ದರೆ ರೆಸ್ಕ್ಯೂ ಕರ್ನಲ್‌ನಿಂದ ಬೂಟ್ ಮಾಡಿ. ನಂತರ ‘ಡ್ರಾಕಟ್ -ಎಫ್ --ಆಡ್-ಡ್ರೈವರ್ಸ್’ ಮುಂದೆ ವರ್ಟ್‌ಐಒ_ಪಿಸಿಐ, ವರ್ಟ್‌ಐಒ_ಬಿಎಲ್‌ಕೆ ಎರಡನ್ನೂ ಕೊಡಿ. ರೆಸ್ಕ್ಯೂನಲ್ಲಿದ್ದರೆ ಯಾವ ಕರ್ನಲ್‌ಗೆ ಕಟ್ಟಬೇಕೋ ಅದರ ವರ್ಷನ್ನೂ ಬರೆಯಬೇಕು. ‘ಎಲ್‌ಎಸ್‌ಇನಿಟ್‌ಆರ್‌ಡಿ’ಯಲ್ಲಿ ಅವು ಕಂಡ ಮೇಲೆಯೇ ಡಿಸ್ಕನ್ನು ವರ್ಟ್‌ಐಒಗೆ ತಿರುಗಿಸಿ. ಎಫ್‌ಎಸ್‌ಟ್ಯಾಬ್‌ನಲ್ಲಿ (ಮೌಂಟ್ ಮಾಡಬೇಕಾದ ಡಿಸ್ಕುಗಳ ಪಟ್ಟಿ) ‘ಎಸ್‌ಡಿಎ’ ಎಂದು ಬರೆದಿದ್ದರೆ ಯುಯುಐಡಿ (ಬದಲಾಗದ ಗುರುತು) ಮಾಡಿ, ಹೊಸ ಹೆಸರು ‘ವಿಡಿಎ’ ಆಗಿರುತ್ತದೆ.

ಯಾವ ಎರರೂ ಇಲ್ಲ, ಮಾಡ್ಯೂಲೂ ಇಲ್ಲ ಎಂಬ ಸ್ಥಿತಿಯೂ ಇದೆ. ‘ಮಾಡ್‌ಪ್ರೋಬ್ -ಎನ್ -ವಿ’ ಕೊಟ್ಟರೆ ನಿಜಕ್ಕೂ ಏನು ನಡೆಯಲಿತ್ತೋ ಅದನ್ನು ತೋರಿಸುತ್ತದೆ. ‘ಇನ್‌ಸ್ಟಾಲ್ /ಬಿನ್/ಟ್ರೂ’ ಕಂಡರೆ ‘/ಇಟಿಸಿ/ಮಾಡ್‌ಪ್ರೋಬ್.ಡಿ’ಯಲ್ಲಿ ಯಾರೋ ಬೇಕೆಂದೇ ತಡೆದಿದ್ದಾರೆ. ‘ಬ್ಲ್ಯಾಕ್‌ಲಿಸ್ಟ್’ ಎಂಬ ಸಾಲು ಮಾತ್ರ ಇದ್ದರೆ ತಾನಾಗಿ ಲೋಡ್ ಆಗುವುದಷ್ಟೇ ನಿಲ್ಲುತ್ತದೆ, ಹೆಸರು ಹಿಡಿದು ಕರೆದರೆ ಬರುತ್ತದೆ. ‘ಸಿಸ್‌ಸಿಟಿಎಲ್ ಕರ್ನಲ್.ಮಾಡ್ಯೂಲ್ಸ್_ಡಿಸೇಬಲ್ಡ್’ 1 ಇದ್ದರೆ ರೂಟ್ ಆದರೂ ‘ಆಪರೇಷನ್ ನಾಟ್ ಪರ್ಮಿಟೆಡ್’. ಅದನ್ನು ಮತ್ತೆ 0 ಮಾಡಲು ಕರ್ನಲ್ ಬಿಡುವುದಿಲ್ಲ, ರೀಬೂಟ್ ಒಂದೇ ದಾರಿ.

ಇಷ್ಟಾಗಿಯೂ ಬಗೆಹರಿಯದೆ ಬೇರೆಯವರನ್ನು ಕೇಳುವಾಗ ಮೊಬೈಲಿನಲ್ಲಿ ಪರದೆಯ ಓರೆ ಫೋಟೊ ಹೊಡೆದು ಕಳಿಸಬೇಡಿ. ಡಿಟೆಕ್ಟ್-ವರ್ಟ್, ಯುನೇಮ್ -ಎ, ಮಾಡ್‌ಇನ್ಫೊ, ಎಸ್‌ಬಿ-ಸ್ಟೇಟ್ ಇವುಗಳ ಔಟ್‌ಪುಟ್ ಮತ್ತು ಡಿಮೆಸ್ಗ್‌ನ ಕೊನೆಯ 20 ಸಾಲನ್ನು ಒಂದು ಟೆಕ್ಸ್ಟ್ ಫೈಲಿಗೆ ಹಾಕಿ. ಇವನ್ನು ಹೊಡೆದದ್ದು ಹೋಸ್ಟಿನಲ್ಲೋ ಗೆಸ್ಟಿನಲ್ಲೋ ಎಂದು ಫೈಲಿನ ಮೊದಲ ಸಾಲಿನಲ್ಲೇ ಬರೆಯಿರಿ.